ಡ್ರಮ್ಮಿನಿಂದ ಎತ್ತಿದ ಮೋಟಾರು

ಶಿಷ್ಯನೊಬ್ಬ ಗುರುಗಳನ್ನು ಕೇಳಿದ: "ಒಬ್ಬನ ಕೈಯಿಂದ ಒಂದು ತಪ್ಪು ನಡೆದಿದೆ ಎಂದುಕೊಳ್ಳಿ. ಅದನ್ನು ಒಪ್ಪಿಕೊಳ್ಳಬೇಕೆಂದು ಅವನಿಗೂ ಇದೆ. ಆದರೆ ಯಾವುದಕ್ಕೂ ಒಂದು ಹೊತ್ತು ಅಂತ ಇರುತ್ತದಲ್ಲ. ತನ್ನ ಮನಸ್ಸು ತಿಳಿಯಾದ ಮೇಲೆ, ಎದುರಿನವರೂ ಸಮಾಧಾನದಲ್ಲಿರುವ ಒಂದು ದಿನ ನೋಡಿಕೊಂಡು ಹೇಳಿದರೆ ಆಗದೇ?"

ಯಾರ ತಪ್ಪು ಎಂದು ಗುರುಗಳು ಕೇಳಿದರು. ಯಾರದೂ ಅಲ್ಲ, ಹಾಗೇ ಸುಮ್ಮನೆ ಕೇಳಿದೆ ಎಂದು ಶಿಷ್ಯ ಹೇಳಿದ.

ಗುರುಗಳು ಈ ಕತೆ ಹೇಳಿದರು.

ಕಡಲ ದಂಡೆಯ ಒಂದು ಊರು. ಆ ಊರಿನಲ್ಲಿ ಒಬ್ಬ ಮೀನುಗಾರ. ಹೆಸರು ಬೇಕೇ ಬೇಕೆಂದರೆ ಜಟ್ಟಪ್ಪ ಎಂದಿಟ್ಟುಕೋ. ಆ ದಂಡೆಯಲ್ಲಿ ಅವನಷ್ಟು ಚೆನ್ನಾಗಿ ದೋಣಿ ನಡೆಸುವವರು ಇನ್ನೊಬ್ಬರಿರಲಿಲ್ಲ. ಇದನ್ನು ಊರವರು ಹೇಳುವ ಮೊದಲೇ ಅವನೇ ಹೇಳಿಬಿಡುತ್ತಿದ್ದ. ಈಜಿನಲ್ಲಿ ತಾನು ಮೊದಲು, ಬಲೆ ಬಿಡುವುದರಲ್ಲಿ ತಾನು ಮೊದಲು, ಅಲೆ ಏಳುವುದಕ್ಕೆ ಮುಂಚೆಯೇ ಅದರ ಬೆನ್ನು ತನಗೆ ಕಾಣುತ್ತದೆ ಎನ್ನುತ್ತಿದ್ದ. ಹೇಳಿದ್ದರಲ್ಲಿ ಮುಕ್ಕಾಲು ಪಾಲು ನಿಜವೂ ಆಗಿತ್ತು. ತೊಂದರೆ ಇದ್ದದ್ದೇ ಅಲ್ಲಿ. ಪೂರ್ತಿ ಬಡಾಯಿಯಾಗಿದ್ದರೆ ಯಾರೂ ಅವನ ಕೈಗೆ ಏನನ್ನೂ ಕೊಡುತ್ತಿರಲಿಲ್ಲ.

ಅವನ ಸೋದರಮಾವ ಸೋಮಯ್ಯ. ನಾಡದೋಣಿಯೂ ಅದರ ಹಿಂದೆ ಸಿಕ್ಕಿಸುವ ಸಣ್ಣ ಮೋಟಾರೂ ಮಾವನದೇ. ನಲವತ್ತು ವರ್ಷ ಕಡಲಿಗೆ ಹೋದ ಮೇಲೆ ಮಾವನ ಮೊಣಕಾಲುಗಳು ಸೋತವು. ಇನ್ನು ದೋಣಿ ಯಾರ ಕೈಗೆ ಎಂಬ ಮಾತು ಬಂತು. ಜೊತೆಯಲ್ಲಿ ಹೋಗುತ್ತಿದ್ದ ಮೂವರೂ ಜಟ್ಟಪ್ಪ ಬೇಡವೆಂದರು. ಅವನ ಬಾಯಿ ದೋಣಿಗಿಂತ ಒಂದು ಮಾರು ಮುಂದೆ ಹೋಗುತ್ತದೆ ಎಂದು ಅವರಲ್ಲೊಬ್ಬ ಹೇಳಿಯೂ ಹೇಳಿದ. ಮಾವ ಕೇಳಲಿಲ್ಲ. ಬಾಯಿ ಹೇಗಾದರೂ ಇರಲಿ, ಕೈ ನನ್ನ ಕೈಯ ಹಾಗೇ ಇದೆ ಎಂದು ಹೇಳಿ ಮೋಟಾರನ್ನು ಎಲ್ಲರೆದುರು ಎತ್ತಿಸಿ ಅಳಿಯನ ಹೆಗಲ ಮೇಲೆ ಇಡಿಸಿದ. ಒಂದೇ ಒಂದು ಕರಾರು ಹಾಕಿದ.

ಆ ದಂಡೆಯಲ್ಲಿ ಒಂದು ರೂಢಿಯಿತ್ತು. ಮೋಟಾರನ್ನು ದೋಣಿಯ ಹಿಂದಿನ ಹಲಗೆಗೆ ಸಿಕ್ಕಿಸಿ ಎರಡು ತಿರುಪು ಬಿಗಿಯುತ್ತಾರೆ. ಅಷ್ಟಕ್ಕೇ ಬಿಡುವುದಿಲ್ಲ. ಹೆಬ್ಬೆರಳು ದಪ್ಪದ ಹಗ್ಗವೊಂದನ್ನು ಮೋಟಾರಿನ ಕುತ್ತಿಗೆಗೆ ಸುತ್ತಿ ದೋಣಿಯೊಳಗಿನ ಅಡ್ಡಮರಕ್ಕೆ ಕಟ್ಟುತ್ತಾರೆ. ತಿರುಪು ಸಡಿಲಾಗಿ ಮೋಟಾರು ಜಾರಿದರೂ ಹಗ್ಗ ಹಿಡಿದುಕೊಳ್ಳುತ್ತದೆ. ಕಟ್ಟಿದವನು ಹೊರಡುವ ಮೊದಲು ದೋಣಿಯಲ್ಲಿರುವ ಹಿರಿಯನಿಗೆ ಗಂಟು ತೋರಿಸಬೇಕು. ಹಿರಿಯ ಅದನ್ನು ಒಮ್ಮೆ ಜಗ್ಗಿ ನೋಡಬೇಕು. ಆಮೇಲೆ ದೋಣಿ ನೀರಿಗೆ. ಮಾವ ಹಾಕಿದ ಕರಾರು ಇದೇ. ದಿನಾ ಗಂಟು ತೋರಿಸು ಎಂದ.

ಒಂದು ತಿಂಗಳು ಜಟ್ಟಪ್ಪ ತೋರಿಸಿದ. ದೋಣಿಯಲ್ಲಿ ಹಿರಿಯನೆಂದರೆ ಬೊಮ್ಮಯ್ಯ. ಬಲೆ ಎಳೆಯುವಾಗ ಕೆಮ್ಮುವವನು, ಬಿಸಿಲೇರಿದರೆ ತೂಕಡಿಸುವವನು. ಇಂಥವನ ಮುಂದೆ ದಿನಾ ಬೆಳಿಗ್ಗೆ ಕೈಕಟ್ಟಿ ನಿಲ್ಲುವುದು ಜಟ್ಟಪ್ಪನಿಗೆ ಗಂಟಲಲ್ಲಿ ಸಿಕ್ಕಿದ ಮುಳ್ಳಾಯಿತು. ಎಮ್ಮೆ ಕಟ್ಟಿದ ಹಾಗೆ ಮೋಟಾರು ಕಟ್ಟುತ್ತೀರಲ್ಲ, ಅದೇನು ಬೇಲಿ ಹಾರುತ್ತದೆಯೇ ಎಂದು ಕೇಳುತ್ತಿದ್ದ. ಎರಡನೆಯ ತಿಂಗಳು, ಕಟ್ಟಿದ್ದೇನೆ, ನೋಡಬೇಕಾಗಿಲ್ಲ ಎನ್ನತೊಡಗಿದ. ಬೊಮ್ಮಯ್ಯ ಮೊದಮೊದಲು ಗೊಣಗಿದ. ಆಮೇಲೆ ಗೊಣಗುವುದನ್ನೂ ಬಿಟ್ಟ. ಕೆಲವು ದಿನ ಜಟ್ಟಪ್ಪ ನಿಜವಾಗಿಯೂ ಕಟ್ಟುತ್ತಿದ್ದ. ಕೆಲವು ದಿನ ಕಟ್ಟುತ್ತಿರಲಿಲ್ಲ. ಎರಡೂ ಬಗೆಯ ದಿನಗಳು ಒಂದೇ ಥರ ಮುಗಿಯುತ್ತಿದ್ದವು.

ಒಂದು ಸೋಮವಾರ ಬಂಗುಡೆ ಮೀನಿನ ಹಿಂಡು ದಂಡೆಯ ಹತ್ತಿರಕ್ಕೇ ಬಂತು. ಬಂಗುಡೆ ಯಾರಿಗೂ ಕಾಯುವುದಿಲ್ಲ. ಇದ್ದಬದ್ದ ದೋಣಿಗಳೆಲ್ಲ ನೀರಿಗೆ ನುಗ್ಗಿದವು. ಜಟ್ಟಪ್ಪ ತಿರುಪು ಎರಡನ್ನೂ ಬಿಗಿದು ಎಲ್ಲರಿಗಿಂತ ಮುಂದೆ ಹೊರಟ. ಹಗ್ಗ ಅವನ ಕಾಲಡಿಯಲ್ಲೇ ಸುರುಳಿಯಾಗಿ ಬಿದ್ದಿತ್ತು. ಬೆಳಗು ಕಳೆಯುವುದರೊಳಗೆ ದೋಣಿ ತುಂಬಿತು. ಆ ವರ್ಷ ಅಷ್ಟು ಮೀನನ್ನು ಒಂದೇ ಹೊತ್ತಿಗೆ ಯಾರೂ ತಂದಿರಲಿಲ್ಲ.

ಹೊಳೆ ಕಡಲಿಗೆ ಸೇರುವ ಬಾಯಿಗೆ ಆ ಊರಲ್ಲಿ ಅಳಿವೆ ಎನ್ನುತ್ತಾರೆ. ಹೋಗುವಾಗ ಸುಮ್ಮನಿದ್ದರೂ ಬರುವಾಗ ಕೈಕೊಡುವ ಜಾಗ ಅದು. ಭಾರದ ದೋಣಿ ಅಳಿವೆಯೊಳಗೆ ತಿರುಗುವಾಗ ಹಿಂದಿನಿಂದ ಒಂದು ಅಲೆ ಅದನ್ನು ಎತ್ತಿತು. ದೋಣಿಯ ಹಿಂಭಾಗ ಗಾಳಿಯಲ್ಲಿ ನಿಂತಿತು. ಮೋಟಾರು ಒಮ್ಮೆ ಕಿರುಚಿಕೊಂಡಿತು. ದೋಣಿ ಕೆಳಗೆ ಬಿದ್ದ ಪೆಟ್ಟಿಗೆ, ಓಡಿ ಓಡಿ ಸಡಿಲಾಗಿದ್ದ ತಿರುಪುಗಳು ಬಿಟ್ಟುಕೊಂಡವು. ಮೋಟಾರು ಹಲಗೆಯಿಂದ ಹಾರಿ ನೀರಿನೊಳಗೆ ಹೋಯಿತು.

ಮುಂದೆ ಕುಳಿತಿದ್ದ ಮೂವರೂ ತಿರುಗಿ ನೋಡುವಷ್ಟರಲ್ಲಿ ಜಟ್ಟಪ್ಪ ಕಾಲಡಿಯ ಹಗ್ಗವನ್ನು ಎತ್ತಿ ನೀರಿಗೆ ಬಿಟ್ಟಾಗಿತ್ತು. ಯೋಚಿಸಿ ಮಾಡಿದ ಕೆಲಸವೇನಲ್ಲ. ಕೈ ಚುರುಕು, ಅಷ್ಟೇ. ಹಗ್ಗ ತುಂಡಾಯಿತು ಎಂದ.

ಹುಟ್ಟು ಹಾಕಿಕೊಂಡು ದೋಣಿಯನ್ನು ದಡಕ್ಕೆ ತಂದರು. ಮೀನು ಇಳಿಯಿತು. ಕಡಲ ನೀರಿನ ಇಳಿತ ಶುರುವಾದ ಮೇಲೆ ಜಟ್ಟಪ್ಪ ತಾನೇ ಮುಳುಗಿದ. ಮೂರು ಸಲ ಬರಿಗೈಯಲ್ಲಿ ಬಂದ. ನಾಲ್ಕನೆಯ ಸಲ ಮೋಟಾರು ಕಾಲಿಗೆ ತಾಗಿತು. ಹೊಸ ಹಗ್ಗ ಒಯ್ದು, ನೀರಿನ ಅಡಿಯಲ್ಲಿ, ಉಸಿರು ಹಿಡಿದು, ಅದರ ಕುತ್ತಿಗೆಗೆ ಗಂಟು ಹಾಕಿದ. ಆಗ ಗಂಟು ಚೆನ್ನಾಗಿಯೇ ಬಂತು. ಎಳೆದು ತೆಗೆದಾಗ ದಂಡೆಯಲ್ಲಿದ್ದವರು ಹೋ ಎಂದರು. ಮೋಟಾರು ಮುಳುಗಿದ್ದು ಎಲ್ಲ ಸೇರಿ ಎರಡು ತಾಸು. ಬೇರೆ ಯಾರಾಗಿದ್ದರೂ ಎರಡು ದಿನ ಹುಡುಕಬೇಕಿತ್ತು ಎಂದು ಜಟ್ಟಪ್ಪ ಹೇಳಿದ. ಇದೂ ನಿಜವೇ ಆಗಿತ್ತು.

ಉಪ್ಪು ನೀರಿಗೆ ಬಿದ್ದ ಮೋಟಾರನ್ನು ಏನು ಮಾಡಬೇಕೆಂದು ಆ ದಂಡೆಯ ಹೆಂಗಸರಿಗೂ ಗೊತ್ತು. ಅದನ್ನು ಒಣಗಲು ಬಿಡಬಾರದು. ಮೇಲೆ ಬಂದ ಕೂಡಲೇ ಬಾವಿಯ ಸಿಹಿನೀರು ತುಂಬಿದ ಡ್ರಮ್ಮಿನೊಳಗೆ ತಿರುಗಿ ಮುಳುಗಿಸಬೇಕು. ಉಪ್ಪು ಮೆತ್ತಿದ ಕಬ್ಬಿಣಕ್ಕೆ ಗಾಳಿ ತಾಗಿದರೆ ತುಕ್ಕು ಆ ಕ್ಷಣದಿಂದಲೇ ಅದನ್ನು ತಿನ್ನಲು ಶುರುಮಾಡುತ್ತದೆ. ನೀರಿನ ಅಡಿಯಲ್ಲಿ ಇರುವಷ್ಟು ಹೊತ್ತು ಮೋಟಾರು ತಡೆದುಕೊಳ್ಳುತ್ತದೆ. ಹೊಳೆಯಾಚೆ ಕೈತಾನ್ ಮಿಸ್ತ್ರಿ ಇದ್ದ. ಅವನಿಗೆ ಹೇಳಿಕಳಿಸಬೇಕು. ಅವನು ಬಂದು, ಡ್ರಮ್ಮಿನಿಂದ ಎತ್ತಿ, ಒಳಗಿನ ನೀರು ಇಳಿಸಿ, ಸೀಮೆಎಣ್ಣೆಯಲ್ಲಿ ತೊಳೆದು, ಆಯಿಲ್ ಹಾಕಿ, ಕೈಯಲ್ಲಿ ತಿರುಗಿಸಿ, ಅಲ್ಲೇ ಚಾಲೂ ಮಾಡಿ ಒಂದು ತಾಸು ನಿಲ್ಲಿಸದೆ ಓಡಿಸುತ್ತಾನೆ. ಒಂದು ಮಧ್ಯಾಹ್ನದ ಕೆಲಸ. ಅಂಗಳದಲ್ಲಿ ಡ್ರಮ್ಮಿನೊಳಗೆ ಮೋಟಾರು ಮುಳುಗಿದ್ದರೆ ಮಿಸ್ತ್ರಿ ಇನ್ನೂ ಬಂದಿಲ್ಲವೆಂದು ಹಾದಿಯಲ್ಲಿ ಹೋಗುವವರಿಗೆ ತಿಳಿಯುತ್ತದೆ. ಹೊರಗೆ ಬೆಂಚಿನ ಮೇಲೆ ಒರೆಸಿ ಇಟ್ಟಿದ್ದರೆ ಬಂದು ಹೋದನೆಂದು ಅರ್ಥ.

ಜಟ್ಟಪ್ಪ ಮೋಟಾರನ್ನು ಮನೆಗೆ ಹೊತ್ತು ತಂದು ಡ್ರಮ್ಮಿನಲ್ಲಿ ಮುಳುಗಿಸಿದ. ಅಲ್ಲಿಯವರೆಗೆ ಎಲ್ಲ ಸರಿಯಾಗಿಯೇ ಇತ್ತು.

ಆದರೆ ಮಿಸ್ತ್ರಿಗೆ ಒಂದು ಅಭ್ಯಾಸ. ನೀರಿಗೆ ಬಿದ್ದ ಮೋಟಾರು ಬಂದರೆ ಮೊದಲು ಅದರ ಕುತ್ತಿಗೆ ನೋಡುತ್ತಾನೆ. ಹಗ್ಗ ತುಂಡಾಗಿ ಬಿದ್ದದ್ದಾದರೆ ಅಲ್ಲಿ ಬಣ್ಣ ಕಿತ್ತುಹೋಗಿ ಗೀರು ಬಿದ್ದಿರುತ್ತದೆ. ಇದರ ಕುತ್ತಿಗೆಯಲ್ಲಿ ಗೀರು ಇರಲಿಲ್ಲ. ಮಿಸ್ತ್ರಿ ಮಾವನ ಹಳೆಯ ಸ್ನೇಹಿತ. ಮಿಸ್ತ್ರಿಗೆ ತಿಳಿದದ್ದು ಇವತ್ತಲ್ಲ ನಾಳೆ ಮಾವನ ಕಿವಿ ಮುಟ್ಟುತ್ತದೆ. ಮೂವರು ಬೇಡವೆಂದಾಗ ಇವನೇ ಇರಲಿ ಎಂದಿದ್ದ ಮಾವ. ಅವನ ಮುಂದೆ ಹೋಗಿ, ಆ ಮೂವರು ಹೇಳಿದ್ದೇ ಸರಿ ಎನ್ನುವುದು ಹೇಗೆ?

ಹೇಳಿಯೇ ಹೇಳುತ್ತೇನೆ ಎಂದು ಜಟ್ಟಪ್ಪ ನಿರ್ಧರಿಸಿದ. ಅದರಲ್ಲಿ ಅವನಿಗೆ ಅನುಮಾನವೇ ಇರಲಿಲ್ಲ. ಇವತ್ತು ಬೇಡ, ಅಷ್ಟೇ. ಬಂಗುಡೆಯ ಗದ್ದಲ ಒಂದು ಮುಗಿಯಲಿ. ಮಾವ ಎಲೆಯಡಿಕೆ ಹಾಕಿಕೊಂಡು ನಗುತ್ತಾ ಕೂತಿರುವ ಒಂದು ಹೊತ್ತು ಸಿಗಲಿ.

ಸುದ್ದಿ ಆಗಲೇ ಮಾವನ ಮನೆ ಮುಟ್ಟಿತ್ತು. ಸಂಜೆ ಮಾವ ಕರೆಸಿದ. ಯಾರಿಗೂ ಪೆಟ್ಟಾಗಲಿಲ್ಲವಲ್ಲ ಎಂದು ಕೇಳಿದ. ಹಗ್ಗ ಹೇಗೆ ತುಂಡಾಯಿತೆಂದು ಕೇಳಿದ. ಹಳೆಯದಾಗಿತ್ತು ಎಂದ ಜಟ್ಟಪ್ಪ. ಕೈತಾನನಿಗೆ ಹೇಳಿಕಳಿಸಿದೆಯಾ ಎಂದು ಕೇಳಿದ. ಇಲ್ಲವೆಂದರೆ ಮಾವನೇ ಹೇಳಿಕಳಿಸುತ್ತಾನೆ. ಜಟ್ಟಪ್ಪ, ಬಂದು ಕೆಲಸ ಮುಗಿಸಿ ಹೋದ ಎಂದುಬಿಟ್ಟ. ಮಾವ ಅದನ್ನು ನಂಬಿದ. ನಂಬದಿರುವುದಕ್ಕೆ ಅವನಿಗೆ ಕಾರಣವಿರಲಿಲ್ಲ.

ಮನೆಗೆ ಬಂದರೆ ಅಂಗಳದಲ್ಲಿ ಡ್ರಮ್ಮು. ಡ್ರಮ್ಮಿನಲ್ಲಿ ಮೋಟಾರು. ಬೇಲಿಯಾಚೆ ಹಾದಿ. ಹಾದಿಯಲ್ಲಿ ಜನ. ಜಟ್ಟಪ್ಪ ನಿಂತು ನೋಡಿದ. ಆಮೇಲೆ ಮೋಟಾರನ್ನು ಎತ್ತಿ ಬೆಂಚಿನ ಮೇಲಿಟ್ಟ.

ಹೆಂಡತಿ ನಾಗವೇಣಿ ಒಳಗಿನಿಂದ ಬಂದಳು.

"ಕೈತಾನಣ್ಣ ಬರುವವರೆಗೆ ಅದರಲ್ಲೇ ಇರಲಿ. ಯಾಕೆ ಎತ್ತಿದಿರಿ?"

"ಬಂದು ಹೋದ ಅಂತ ಮಾವನಿಗೆ ಹೇಳಿಯಾಯಿತು."

"ಮಾವನಿಗೆ ಹೇಳಿದ್ದು ಮೋಟಾರಿಗೂ ಗೊತ್ತೇನು?"

ಜಟ್ಟಪ್ಪ ಸ್ಪ್ಯಾನರ್ ಹುಡುಕಿ ತಂದ. ಮಿಸ್ತ್ರಿ ಕೆಲಸ ಮಾಡುವುದನ್ನು ತಾನು ಇಪ್ಪತ್ತು ಸಲ ನೋಡಿದ್ದೇನೆ, ಅದರಲ್ಲಿ ಅಂಥ ವಿದ್ಯೆ ಏನೂ ಇಲ್ಲ ಎಂದು ಅವನ ಲೆಕ್ಕ. ಮುಚ್ಚಳ ತೆಗೆದ. ಪ್ಲಗ್ಗು ಬಿಚ್ಚಿ ಮೋಟಾರನ್ನು ಮಗುಚಿದ. ಒಂದಿಷ್ಟು ನೀರು ಬಂತು. ಬಟ್ಟೆಯಿಂದ ಒರೆಸಿದ. ಸಂದುಗೊಂದಿಗೆ ಕಡ್ಡಿ ಹಾಕಿ ಒರೆಸಿದ. ಹೊರಗೆಲ್ಲ ಕೊಬ್ಬರಿಎಣ್ಣೆ ಸವರಿದ. ಇಳಿಬಿಸಿಲಿಗೆ ಇಟ್ಟ. ಮೋಟಾರು ಹೊಸದಾಗಿ ಕೊಂಡು ತಂದ ಹಾಗೆ ಹೊಳೆಯಿತು. ಹಾದಿಯಲ್ಲಿ ಹೋಗುವವರು, ಪರವಾಗಿಲ್ಲ, ಕೈತಾನ ಬೇಗ ಮುಗಿಸಿದ ಎಂದು ಹೇಳಿಕೊಂಡು ಹೋದರು. ಒಬ್ಬ, ಮಿಸ್ತ್ರಿಯ ಕೈ ಅಂದರೆ ಕೈ ಎಂದ. ಅದು ತನ್ನ ಕೈ ಎಂದು ಹೇಳಿಕೊಳ್ಳಲಾಗದೆ ಜಟ್ಟಪ್ಪನಿಗೆ ಸ್ವಲ್ಪ ಸಂಕಟವೇ ಆಯಿತು.

ಮಂಗಳವಾರ ಚಾಲೂ ಮಾಡುವ ದಾರ ಎಳೆದು ನೋಡಿದ. ಒಳಗಿನ ಚಕ್ರ ಸರಾಗವಾಗಿ ತಿರುಗಿತು. ಪ್ಲಗ್ಗು ಹಾಕಿ ಎಳೆದ. ಒಂದು ಸಲ ಕೆಮ್ಮಿ ಸುಮ್ಮನಾಯಿತು. ಇನ್ನೂ ತೇವವಿದೆ, ಒಣಗಲಿ ಎಂದುಕೊಂಡ. ಜೊತೆಯವರು ಬಂದು ಯಾವಾಗ ಹೊರಡುವುದೆಂದು ಕೇಳಿದರು. ಕಡಲಿನಲ್ಲಿ ಬಂಗುಡೆ ಇನ್ನೂ ಇತ್ತು. ಬೇರೆ ದೋಣಿಗಳು ದಿನಕ್ಕೆರಡು ಸಲ ತುಂಬಿ ಬರುತ್ತಿದ್ದವು. ಎರಡು ದಿನ ಚೆನ್ನಾಗಿ ಒಣಗಿಸಬೇಕೆಂದು ಮಿಸ್ತ್ರಿ ಹೇಳಿದ್ದಾನೆ ಎಂದ ಜಟ್ಟಪ್ಪ. ಬೊಮ್ಮಯ್ಯ ಹೋದವನು ತಿರುಗಿ ನಿಂತ. ಒಣಗಿಸಬೇಕು ಅಂತ ಕೈತಾನ ಯಾವತ್ತಿನಿಂದ ಹೇಳಲು ಶುರುಮಾಡಿದ ಎಂದು ಕೇಳಿದ. ಇದು ಹೊಸ ಪದ್ಧತಿ ಎಂದ ಜಟ್ಟಪ್ಪ.

ಈಗ ಮಿಸ್ತ್ರಿಯ ಹತ್ತಿರ ಹೋಗುವ ದಾರಿಯೂ ಮುಚ್ಚಿತು. ದುರಸ್ತಿಯಾದ ಮೋಟಾರನ್ನು ಹೊತ್ತುಕೊಂಡು ಹಾಡಹಗಲಲ್ಲಿ ಹೊಳೆ ದಾಟಿದರೆ ಕೇಳುವವರಿಗೆ ಏನು ಹೇಳುವುದು? ಹಗ್ಗದ ಮಾತೊಂದೇ ಇದ್ದಾಗ ಮಾವನೊಬ್ಬನ ಮುಂದೆ ತಲೆ ತಗ್ಗಿಸಿದ್ದರೆ ಸಾಕಿತ್ತು. ಈಗ ಮಾವ, ಮಿಸ್ತ್ರಿ, ಜೊತೆಯವರು, ಹಾದಿಯವರು, ಎಲ್ಲರ ಮುಂದೆಯೂ ತಗ್ಗಿಸಬೇಕು.

ಬುಧವಾರ ದಾರ ಬಿಗಿಯಾಯಿತು. ಅವನು ಇನ್ನೂ ಜೋರಾಗಿ ಎಳೆದ. ಅವನ ತೋಳಿನಲ್ಲಿ ಬಲವಿತ್ತು, ದಾರ ಬಂತು. ನೋಡು, ತಿರುಗುತ್ತದೆ ಎಂದು ಹೆಂಡತಿಗೆ ಹೇಳಿದ. ಅವಳು ನೋಡಲಿಲ್ಲ. ಆ ದಿನ ಮಾವ ಎಲೆಯಡಿಕೆ ಹಾಕಿಕೊಂಡು ಜಗಲಿಯಲ್ಲಿ ನಗುತ್ತಾ ಕೂತಿದ್ದನಂತೆ. ಜಟ್ಟಪ್ಪ ಆ ದಾರಿಯಲ್ಲಿ ಹೋಗಲೇ ಇಲ್ಲ.

ಗುರುವಾರ ದಾರ ಬರಲೇ ಇಲ್ಲ. ಎರಡೂ ಕಾಲುಗಳನ್ನು ಬೆಂಚಿಗೆ ಒತ್ತಿ ಎಳೆದ. ಬೆಂಚು ಮಗುಚಿತು. ಚಕ್ರ ಕೂದಲೆಳೆಯಷ್ಟೂ ಅಲುಗಲಿಲ್ಲ.

ಶುಕ್ರವಾರ ಮೊದಲ ತಾರಿದೋಣಿಯಲ್ಲಿ ಮೋಟಾರನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಹೊಳೆ ದಾಟಿದ. ಮಿಸ್ತ್ರಿ ಚೀಲ ಬಿಚ್ಚಿದ. ಮೊದಲು ಕುತ್ತಿಗೆ ನೋಡಿದ. ಸ್ಪ್ಯಾನರ್ ತೆಗೆದುಕೊಂಡು ಒಂದೊಂದೇ ಬೋಲ್ಟು ಬಿಚ್ಚುತ್ತಾ ಹೋದ. ಕೆಲವು ಬಿಚ್ಚಿದವು, ಕೆಲವು ಮುರಿದವು. ತಲೆಯ ಭಾಗ ಕಳಚಿಬಂತು. ಒಳಗೆ ಎಲ್ಲ ಕೆಂಪಾಗಿತ್ತು. ಪಿಸ್ಟನ್ನು ಸಿಲಿಂಡರಿನ ಗೋಡೆಗೆ ಅಂಟಿಕೊಂಡು ಒಂದೇ ತುಂಡಾಗಿತ್ತು. ಬೇರಿಂಗಿನ ಗುಂಡುಗಳನ್ನು ಬೆರಳಿನಿಂದ ಒತ್ತಿದರೆ ತುಕ್ಕಿನ ಪುಡಿ ಉದುರಿತು.

"ಯಾವತ್ತು ಬಿತ್ತು?" ಮಿಸ್ತ್ರಿ ಕೇಳಿದ.

"ಸೋಮವಾರ."

"ಮೇಲೆ ಬಂದದ್ದು?"

"ಸೋಮವಾರವೇ, ಕೈತಾನಣ್ಣ. ಎರಡೇ ತಾಸು. ನಾನೇ ಮುಳುಗಿ ತೆಗೆದೆ."

"ಓಡುತ್ತಾ ಬಿದ್ದರೂ ಒಳಗಿನ ಕಬ್ಬಿಣದ ದಂಡ ಬಗ್ಗಿಲ್ಲ. ಅಂಥ ಅದೃಷ್ಟ ನೂರರಲ್ಲಿ ಒಬ್ಬನಿಗೆ." ಮಿಸ್ತ್ರಿ ಕೈ ಒರೆಸಿಕೊಂಡ. "ನೀನು ಮುಳುಗದೆ ಮನೆಯಲ್ಲಿ ಮಲಗಿದ್ದರೆ, ಮಾರಾಯ, ಇವತ್ತು ಕಡಲಿನಿಂದ ಎತ್ತಿ ತಂದು ನನ್ನ ಮುಂದೆ ಇಟ್ಟಿದ್ದರೂ ಏನಾದರೂ ಮಾಡಬಹುದಿತ್ತು."

ಬಿಚ್ಚಿದ ಭಾಗಗಳನ್ನೆಲ್ಲ ಅದೇ ಗೋಣಿಚೀಲಕ್ಕೆ ತುಂಬಿ ಕೊಟ್ಟ.

ಜಟ್ಟಪ್ಪ ಚೀಲ ಹೊತ್ತುಕೊಂಡು ನೇರ ಮಾವನ ಮನೆಗೆ ಹೋದ. ದಾರಿಯಲ್ಲಿ ಯಾರು ಕೇಳಿದರೂ ಮೋಟಾರು ಎಂದೇ ಹೇಳಿದ. ಜಗಲಿಯ ಮೇಲೆ ಚೀಲ ಇಳಿಸಿ ಎಲ್ಲವನ್ನೂ ಹೇಳಿದ. ಗಂಟು ಕಟ್ಟದಿದ್ದದ್ದು, ಹಗ್ಗ ನೀರಿಗೆ ಬಿಟ್ಟದ್ದು, ಮಿಸ್ತ್ರಿಯ ಹೆಸರಿನಲ್ಲಿ ಹೇಳಿದ್ದು, ಡ್ರಮ್ಮಿನಿಂದ ಎತ್ತಿದ್ದು. ಒಂದನ್ನೂ ಬಿಡಲಿಲ್ಲ. ತನ್ನ ತಪ್ಪನ್ನು ಅಷ್ಟು ಚೊಕ್ಕವಾಗಿ ಹೇಳಿದವನು ಆ ಊರಲ್ಲಿ ಇನ್ನೊಬ್ಬನಿರಲಿಲ್ಲ.

ಮಾವ ಚೀಲದ ಬಾಯಿ ಬಿಚ್ಚಿ ನೋಡಿದ.

"ಹಗ್ಗ ಕಟ್ಟದೆ ನಾನೂ ಒಂದು ಮೋಟಾರು ಬೀಳಿಸಿದ್ದೆ," ಎಂದ. "ನಿನ್ನ ವಯಸ್ಸಿನಲ್ಲಿ. ಇದೇ ಅಳಿವೆಯಲ್ಲಿ. ಹಿರಿಯನಿಗೆ ಗಂಟು ತೋರಿಸುವ ರೂಢಿ ಆಮೇಲೆ ಬಂದದ್ದು. ಸೋಮವಾರ ಹೇಳಿದ್ದರೆ ಚೆನ್ನಾಗಿ ಬೈದು, ಊಟಕ್ಕೆ ಕೂರಿಸಿ, ಕೈತಾನನಿಗೆ ಹೇಳಿಕಳಿಸುತ್ತಿದ್ದೆ."

ಈಗ ಬೈಯಿರಿ ಎಂದು ಜಟ್ಟಪ್ಪ ಕೇಳಿಕೊಂಡ. ಮಾವ ಬೈಯಲಿಲ್ಲ. ಚೀಲದ ಬಾಯಿ ಕಟ್ಟಿ, ಬೊಮ್ಮಯ್ಯನನ್ನು ಕರೆದುಕೊಂಡು ಬಾ ಎಂದ.

ಆ ವರ್ಷ ಸೋಮಯ್ಯನ ದೋಣಿ ಹುಟ್ಟಿನ ಮೇಲೆಯೇ ಹೋಯಿತು. ಬಂಗುಡೆ ಸಿಗುವ ಕಡೆಗೆ ತಲುಪುವಷ್ಟರಲ್ಲಿ ಬೇರೆ ದೋಣಿಗಳು ತುಂಬಿಕೊಂಡು ತಿರುಗಿ ಬರುತ್ತಿದ್ದವು. ಹಿಂದಿನ ಹಲಗೆಯ ಹತ್ತಿರ, ಜಟ್ಟಪ್ಪನ ಜಾಗದಲ್ಲಿ, ಬೊಮ್ಮಯ್ಯ ಕೂರುತ್ತಿದ್ದ. ಜಟ್ಟಪ್ಪ ಮುಂದೆ ಕೂತು ಹುಟ್ಟು ಹಾಕುತ್ತಿದ್ದ. ಆ ದಂಡೆಯಲ್ಲಿ ಅವನಷ್ಟು ಚೆನ್ನಾಗಿ ಹುಟ್ಟು ಹಾಕುವವರು ಇನ್ನೊಬ್ಬರಿರಲಿಲ್ಲ. ಅದನ್ನು ಅವನು ಹೇಳಲಿಲ್ಲ. ಬೇರೆ ಯಾರೂ ಹೇಳಲಿಲ್ಲ.

ಗುರುಗಳು ಕತೆ ಮುಗಿಸಿದರು.

ಶಿಷ್ಯನಿಗೆ ಆ ಮೀನುಗಾರನ ಮೇಲೆ ಸಿಟ್ಟು ಬಂದಿತ್ತು. ಎಂಥ ದಡ್ಡ ಎಂದ. ಸೋಮವಾರ ಸಂಜೆ ಮಾವನೇ ಕರೆದು ಕೇಳಿದನಲ್ಲ, ಆಗಲೇ ಹೇಳಿಬಿಟ್ಟಿದ್ದರೆ ಒಂದು ಮಧ್ಯಾಹ್ನದ ಕೆಲಸವಾಗಿತ್ತು, ನಾಲ್ಕು ದಿನ ಎದುರಿಗೆ ಇಟ್ಟುಕೊಂಡು ಒರೆಸುತ್ತಾ ಕೂರುತ್ತಾರೆಯೇ ಎಂದ.

ಗುರುಗಳು ಅವನ ಮುಖ ನೋಡಿ ಕೇಳಿದರು:

"ನಿನ್ನದು ಇವತ್ತಿಗೆ ಎಷ್ಟನೆಯ ದಿನ?"